ಅಪ್ಪಣೆ ಚೀಟಿಯ ಕಾಲದ ಸಂಪಾದಕ

1908ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳ ಬಗ್ಗೆ ಒಂದು ಕಾಯಿದೆ ಹೊರಟಿತು. ಸರ್ಕಾರದ ಲಿಖಿತ ಅಪ್ಪಣೆ ಇಲ್ಲದೆ ಯಾರೂ ವೃತ್ತಪತ್ರಿಕೆ ನಡೆಸಕೂಡದು ಎಂಬುದು ಅದರ ತಿರುಳು. ಹೊಸದಾಗಿ ಪತ್ರಿಕೆ ತೆಗೆಯುವವರಿಗಷ್ಟೇ ಅಲ್ಲ, ಆಗಲೇ ನಡೆಯುತ್ತಿದ್ದ ಪತ್ರಿಕೆಗಳ ಕೊರಳಿಗೂ ಆ ಹಗ್ಗ ಬಿತ್ತು. ಅಪ್ಪಣೆ ಕೊಡುವುದು, ಕೊಟ್ಟದ್ದನ್ನು ಕಸಿದುಕೊಳ್ಳುವುದು ಎರಡೂ ಸರ್ಕಾರದ ಮರ್ಜಿ. ಏನು ತಪ್ಪು ಬರೆದಿರಿ ಎಂದು ಕೋರ್ಟಿನಲ್ಲಿ ವಿಚಾರಣೆ ನಡೆಸಿ ತೀರ್ಮಾನಿಸುವ ಗೋಜಿಗೆ ದಿವಾನರು ಹೋಗಬೇಕಾಗಿರಲಿಲ್ಲ.

ಆಗ ದಿವಾನರಾಗಿದ್ದವರು ವಿ. ಪಿ. ಮಾಧವರಾವ್. ಅವರನ್ನು ಸುಮ್ಮನೆ ಖಳನೆಂದು ಬಗೆದು ಮುಂದೆ ಹೋಗುವಂತಿಲ್ಲ. ತಿರುವಾಂಕೂರಿನ ದಿವಾನರಾಗಿದ್ದಾಗ 1904ರಲ್ಲಿ ಅಲ್ಲಿ ಪ್ರಜಾಸಭೆಯನ್ನು ಶುರುಮಾಡಿಸಿದವರು ಅವರೇ. ಮೈಸೂರಿಗೆ ಬಂದ ಮೇಲೆ 1907ರಲ್ಲಿ ಶಾಸನ ಸಭೆ ಹುಟ್ಟಿದ್ದೂ ಅವರ ಕಾಲದಲ್ಲೇ. ಮೈಸೂರಿನ ದಿವಾನಗಿರಿ ಬಿಟ್ಟು ಹತ್ತು ವರ್ಷ ಕಳೆದ ಮೇಲೆ, 1919ರಲ್ಲಿ, ಕಾಂಗ್ರೆಸ್ ನಿಯೋಗದ ಜತೆ ಇಂಗ್ಲೆಂಡಿಗೆ ಹೋಗಿ ಭಾರತೀಯರಿಗೆ ಅಧಿಕಾರ ಕೊಡಿ ಎಂದು ವಾದಿಸಿದವರಲ್ಲಿ ಅವರೂ ಒಬ್ಬರು. ಅಂಥವರ ಕೈಯಿಂದಲೇ ಇಂಥ ಕಾಯಿದೆ ಬಂತು. ಸಭೆಯಲ್ಲಿ ಕೂತು ಮನವಿ ಮಾಡಿಕೊಳ್ಳುವ ಪ್ರಜೆ ಸರ್ಕಾರಕ್ಕೆ ಬೇಕು, ಬೀದಿಗೆ ಹಾಳೆ ಹಂಚುವ ಪ್ರಜೆ ಬೇಡ ಎಂಬ ಲೆಕ್ಕಾಚಾರ ಅದು. ಒಳ್ಳೆಯ ಆಡಳಿತಗಾರರಿಗೂ ಈ ಲೆಕ್ಕಾಚಾರ ಸುಲಭವಾಗಿ ಒಗ್ಗುತ್ತದೆ.

ಕಾಲವೂ ಹಾಗೇ ಇತ್ತು. ಬಂಗಾಳದ ವಿಭಜನೆಯ ಕಿಚ್ಚು ಆರಿರಲಿಲ್ಲ. 1907ರಲ್ಲಿ ಲಾಲಾ ಲಜಪತ ರಾಯರನ್ನು ವಿಚಾರಣೆಯಿಲ್ಲದೆ ಮಂಡಾಲೆಗೆ ಸಾಗಿಸಿದ್ದರು. 1908ರ ಏಪ್ರಿಲ್‌ನಲ್ಲಿ ಮುಜಫ್ಫರಪುರದಲ್ಲಿ ಬಾಂಬು ಸಿಡಿಯಿತು. ಜೂನ್‌ನಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಪತ್ರಿಕೆಗಳ ಅಚ್ಚುಕೂಟವನ್ನೇ ಮುಟ್ಟುಗೋಲು ಹಾಕಿಕೊಳ್ಳಬಲ್ಲ ಕಾನೂನು ಬಂತು. ಜುಲೈ 22ರಂದು ಬೊಂಬಾಯಿ ಹೈಕೋರ್ಟು 'ಕೇಸರಿ'ಯ ಸಂಪಾದಕ ಬಾಲಗಂಗಾಧರ ತಿಲಕರಿಗೆ ಆರು ವರ್ಷಗಳ ಗಡೀಪಾರು ಶಿಕ್ಷೆ ವಿಧಿಸಿತು. ತಿಲಕರಿಗಾದರೂ ಕೋರ್ಟಿತ್ತು, ಜ್ಯೂರಿಯಿತ್ತು, ಗಂಟೆಗಟ್ಟಲೆ ನಿಂತು ತಮ್ಮ ವಾದ ಹೇಳಿಕೊಳ್ಳಲು ಕಟಕಟೆಯಿತ್ತು. ಮೈಸೂರಿನ ಸಂಪಾದಕನಿಗೆ ಅಷ್ಟೂ ಬೇಡವೆಂದು ಸಂಸ್ಥಾನ ತೀರ್ಮಾನಿಸಿತು.

ತಾತಯ್ಯನವರ ಉತ್ತರ

ಮೈಸೂರಿನಲ್ಲಿ ಆಗ ಪತ್ರಿಕೆಗಳು ಹೊಸತಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲೇ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರ ಕೈಯಿಂದ ಕಲ್ಲಚ್ಚಿನಲ್ಲಿ ಹೊರಟಿತ್ತು. ಸಂಸ್ಥಾನದೊಳಗೆ ಪತ್ರಿಕೆಗಳಿಗೆ ನಿಜವಾದ ಜೀವ ಬಂದದ್ದು 1881ರ ನಂತರ. ಆ ವರ್ಷ ಅರಸರಿಗೆ ರಾಜ್ಯ ಮರಳಿತು. ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ದಸರೆಯ ಹೊತ್ತಿಗೆ ವರ್ಷಕ್ಕೊಮ್ಮೆ ಸೇರುತ್ತಿದ್ದ ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಕೇಳುವ ಅವಕಾಶವಷ್ಟೇ ಇತ್ತು. ಕೇಳಿದ್ದನ್ನು ವರ್ಷದ ಉಳಿದ ದಿನಗಳಲ್ಲೂ ಕೇಳುತ್ತಲೇ ಇರಲು ಪತ್ರಿಕೆ ಬೇಕಾಯಿತು.

ಆ ಕೆಲಸಕ್ಕೆ ನಿಂತವರಲ್ಲಿ ಹಿರಿಯರು ಎಂ. ವೆಂಕಟಕೃಷ್ಣಯ್ಯನವರು. ಊರೆಲ್ಲ ಅವರನ್ನು ಕರೆದದ್ದು ತಾತಯ್ಯ ಎಂದೇ. 1844ರಲ್ಲಿ ಹುಟ್ಟಿದವರು, ಮೈಸೂರಿನ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು, ಅನಾಥಾಲಯ ಕಟ್ಟಿದವರು. ಬೆಳಿಗ್ಗೆ ಪಾಠ ಹೇಳಿ ಸಂಜೆ ಸಂಪಾದಕೀಯ ಬರೆದವರು. 'ಹಿತಬೋಧಿನಿ', 'ವೃತ್ತಾಂತ ಚಿಂತಾಮಣಿ', 'ಸಾಧ್ವಿ', ಇಂಗ್ಲಿಷಿನಲ್ಲಿ 'ಮೈಸೂರ್ ಪೇಟ್ರಿಯಟ್' ಹೀಗೆ ಒಂದು ನಿಂತರೆ ಇನ್ನೊಂದು ಎಂಬಂತೆ ಪತ್ರಿಕೆಗಳನ್ನು ಹುಟ್ಟಿಸಿ ನಡೆಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅಧಿಕಾರದ ತುತ್ತತುದಿಯಲ್ಲಿದ್ದ ಕಾಲದಲ್ಲಿ ಅವರ ಆಡಳಿತವನ್ನು ಎದುರಿಗೆ ನಿಂತು ಟೀಕಿಸಿದ ದನಿಗಳಲ್ಲಿ ತಾತಯ್ಯನವರದು ಮುಂಚೂಣಿಯದು.

1908ರ ಕಾಯಿದೆಗೆ ತಾತಯ್ಯನವರು ಕೊಟ್ಟ ಉತ್ತರ ಸರಳ. ಅಪ್ಪಣೆ ಬೇಡಿ ಪತ್ರಿಕೆ ನಡೆಸುವ ಬದಲು ಪತ್ರಿಕೆಯನ್ನೇ ನಿಲ್ಲಿಸಿಬಿಟ್ಟರು. ಆಗ ಅವರಿಗೆ ಅರವತ್ತು ದಾಟಿತ್ತು. ಕಾಯಿದೆಯ ಏಟಿಗೆ ಸಂಸ್ಥಾನದ ಬೇರೆ ಪತ್ರಿಕೆಗಳೂ ಒಂದೊಂದಾಗಿ ಕಣ್ಮುಚ್ಚಿದವು. ಕೆಲವು ಪ್ರತಿಭಟನೆಯಿಂದ, ಕೆಲವು ಹೆದರಿಕೆಯಿಂದ, ಕೆಲವು ಕೈಯಲ್ಲಿ ಕಾಸಿಲ್ಲದೆ.

ಹೀಗೆ ಬಾಗಿಲು ಮುಚ್ಚಿದ ಪತ್ರಿಕಾಲಯಗಳ ಆಸುಪಾಸಿನಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ಹುಡುಗ ಕೆಲಸ ಕಳೆದುಕೊಂಡು ನಿಂತಿದ್ದ. ಹೆಸರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಮುಂದೆ ಡಿವಿಜಿ.

ನಪಾಸಾದ ಹುಡುಗ

ಡಿವಿಜಿ ಎಂದೊಡನೆ ಇವತ್ತು ಮೊದಲು ನೆನಪಾಗುವುದು 'ಮಂಕುತಿಮ್ಮನ ಕಗ್ಗ'. ಅದು ಅಚ್ಚಾದದ್ದು 1943ರಲ್ಲಿ, ಅವರಿಗೆ ಐವತ್ತಾರು ವರ್ಷವಾದಾಗ. ಅದಕ್ಕೆ ಮುಂಚಿನ ಮೂವತ್ತೈದು ವರ್ಷ ಅವರು ತಮ್ಮನ್ನು ಪರಿಚಯಿಸಿಕೊಳ್ಳುತ್ತಿದ್ದುದು ಪತ್ರಿಕಾಕರ್ತ ಎಂದು. ಊಟ ಬಂದದ್ದು, ಬರದೇ ಹೋದದ್ದು, ಎರಡೂ ಆ ವೃತ್ತಿಯಿಂದಲೇ.

1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪ ಮೆಟ್ರಿಕ್ಯುಲೇಷನ್‌ನಲ್ಲಿ ನಪಾಸಾದರು. ಅಲ್ಲಿಗೆ ಸರ್ಕಾರಿ ನೌಕರಿಯ ಆಸೆ ಮುಗಿಯಿತು. ಆಮೇಲೆ ಸಿಕ್ಕ ಕೆಲಸಗಳೆಲ್ಲ ಚಿಲ್ಲರೆ ಕೆಲಸಗಳು: ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆ, ಬೆಂಗಳೂರಿನಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆ. ಅಲ್ಲಿಂದ ಬಿ. ನರಸಿಂಗರಾವ್ ಅವರ 'ಸೂರ್ಯೋದಯ ಪ್ರಕಾಶಿಕಾ' ಪತ್ರಿಕೆಗೆ ಕಾಲಿಟ್ಟರು. ಬಳಿಕ 'ಭಾರತಿ' ಎಂಬ ಪತ್ರಿಕೆ. ಇಂಗ್ಲಿಷ್ ಪತ್ರಿಕೆಗಳಿಗೂ ಬರೆದರು. ಅಷ್ಟರಲ್ಲಿ ಕಾಯಿದೆ ಬಂತು.

ಪತ್ರಿಕೆಯ ಕಚೇರಿ ಅವರಿಗೆ ನೌಕರಿಗಿಂತ ಹೆಚ್ಚಾಗಿ ಪಾಠಶಾಲೆಯಾಗಿ ಒದಗಿತು. ಆ ಕಾಲದ ಸಣ್ಣ ಪತ್ರಿಕೆಯಲ್ಲಿ ವರದಿಗಾರ, ಉಪಸಂಪಾದಕ, ಕರಡು ತಿದ್ದುವವ ಎಂಬ ಭೇದವಿರಲಿಲ್ಲ. ಸಭೆಗೆ ಹೋಗಿ ಕೇಳಿಕೊಂಡು ಬಂದವನೇ ಬರೆಯಬೇಕು, ಬರೆದವನೇ ಕರಡು ನೋಡಬೇಕು, ಹಾಳೆ ಮಡಿಸಿ ಅಂಚೆಗೆ ಹಾಕುವಾಗಲೂ ಕೈ ಜೋಡಿಸಬೇಕು. ಓದುವುದಕ್ಕೆ ಮಾತ್ರ ಮಿತಿಯಿರಲಿಲ್ಲ. ಬದಲಿ ಪ್ರತಿಯಾಗಿ ಬರುತ್ತಿದ್ದ ಮದರಾಸು, ಕಲ್ಕತ್ತೆ, ಬೊಂಬಾಯಿ ಪತ್ರಿಕೆಗಳು ಮೇಜಿನ ಮೇಲೇ ಇರುತ್ತಿದ್ದವು. ಪರೀಕ್ಷೆಯಲ್ಲಿ ಸೋತ ಹುಡುಗ ಬರ್ಕ್, ಮಿಲ್, ಮಾರ್ಲೆ ಮುಂತಾದವರ ರಾಜ್ಯಶಾಸ್ತ್ರವನ್ನು ಕಲಿತದ್ದು ಇಂಥ ಮೇಜುಗಳ ಮುಂದೆ. ಮುಂದೆ ಅವರೇ ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲಿ ಕೂತರು. 1961ರಲ್ಲಿ ಅದೇ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಿ.ಲಿಟ್ ಕೊಟ್ಟಿತು.

ಕಾಯಿದೆಯ ನಂತರದ ವರ್ಷಗಳಲ್ಲಿ ಮದರಾಸಿನ ಪತ್ರಿಕೆಗಳಿಗೆ ಬರೆಯುವುದೇ ಅವರಿಗೆ ದಾರಿಯಾಯಿತು. ಇದು ಅವರೊಬ್ಬರ ಪಾಡಲ್ಲ. ಮೈಸೂರಿನ ಸುದ್ದಿಯನ್ನು ಮೈಸೂರಿನಲ್ಲಿ ಅಚ್ಚು ಹಾಕುವುದು ಕಷ್ಟ, ಗಡಿಯಾಚೆ ಬ್ರಿಟಿಷ್ ಸೀಮೆಯಲ್ಲಿ ಅಚ್ಚು ಹಾಕಿಸಿ ಅಂಚೆಯಲ್ಲಿ ತರಿಸಿ ಓದುವುದು ಸುಲಭ ಎಂಬ ವಿಚಿತ್ರ ಸ್ಥಿತಿ ಸಂಸ್ಥಾನಗಳಲ್ಲಿ ಸ್ವಾತಂತ್ರ್ಯ ಬರುವ ತನಕವೂ ಆಗಾಗ ಕಾಣಿಸಿಕೊಂಡಿದೆ.

1913ರ ಏಪ್ರಿಲ್ 2

1912ರ ನವೆಂಬರಿನಲ್ಲಿ ಎಂ. ವಿಶ್ವೇಶ್ವರಯ್ಯ ದಿವಾನರಾದರು. ಅಂಕಿಅಂಶ, ವರದಿ, ಸಾರ್ವಜನಿಕ ಚರ್ಚೆ ಇವುಗಳಲ್ಲಿ ನಂಬಿಕೆಯಿದ್ದ ದಿವಾನರು. ಕಾಯಿದೆ ಹಾಗೆಯೇ ಇತ್ತು; ಗಾಳಿ ಮಾತ್ರ ಸ್ವಲ್ಪ ಸಡಿಲವಾಗಿತ್ತು. ಆ ಸಡಿಲದಲ್ಲಿ, 1913ರ ಏಪ್ರಿಲ್ 2ರಂದು, ಬೆಂಗಳೂರಿನಿಂದ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಹೊರಟಿತು. ವಾರಕ್ಕೆ ಎರಡು ಸಂಚಿಕೆ. ಸಂಪಾದಕ ಡಿ. ವಿ. ಗುಂಡಪ್ಪ, ವಯಸ್ಸು ಇಪ್ಪತ್ತಾರು.

ಹೆಸರು ಕನ್ನಡದ ನಾಡಿನದು, ಭಾಷೆ ಇಂಗ್ಲಿಷ್. ಇದು ಇವತ್ತು ವಿಚಿತ್ರವೆನಿಸಬಹುದು. ಆದರೆ ಕೂತು ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಸಂಸ್ಥಾನದ ಆಡಳಿತ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ದಿವಾನ ಕಚೇರಿ, ಬ್ರಿಟಿಷ್ ರೆಸಿಡೆಂಟ್, ಚೀಫ್ ಕೋರ್ಟಿನ ವಕೀಲರು, ಮದರಾಸಿನ ಸಂಪಾದಕರು ಇವರೆಲ್ಲ ಓದುತ್ತಿದ್ದುದು ಇಂಗ್ಲಿಷನ್ನು. ಸರ್ಕಾರದ ಜತೆ ವಾದಕ್ಕೆ ಕೂರಬೇಕೆಂದರೆ ಸರ್ಕಾರದ ಭಾಷೆಯಲ್ಲೇ ಕೂರಬೇಕಿತ್ತು. ನೂರು ಜನರಲ್ಲಿ ಹತ್ತು ಮಂದಿಗೂ ಅಕ್ಷರ ಬರದ ನಾಡಿನಲ್ಲಿ ಕನ್ನಡ ಪತ್ರಿಕೆಗೂ ಓದುಗರು ಕೈಬೆರಳೆಣಿಕೆಯವರೇ.

ಅಚ್ಚುಕೂಟದ ಲೆಕ್ಕವೂ ಒಂದಿತ್ತು. ಆಗ ಅಚ್ಚೆಂದರೆ ಕೈಯಲ್ಲಿ ಮೊಳೆ ಜೋಡಿಸುವುದು. ಕಂಪೋಸಿಟರ್ ಇಳಿಜಾರಾಗಿ ನಿಲ್ಲಿಸಿದ ಕೇಸಿನ ಮುಂದೆ ನಿಂತು, ಎಡಗೈಯಲ್ಲಿ ಸ್ಟಿಕ್ ಹಿಡಿದು, ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಸಾಲು ಕಟ್ಟಬೇಕು. ಇಂಗ್ಲಿಷಿಗಾದರೆ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ವಿರಾಮ ಚಿಹ್ನೆ ಎಲ್ಲ ಸೇರಿ ಕೇಸಿನ ಮನೆಗಳು ಒಂದು ಮಿತಿಯಲ್ಲಿ ಮುಗಿಯುತ್ತವೆ. ಕನ್ನಡಕ್ಕೆ ಕಾಗುಣಿತ ಬೇಕು, ಪ್ರತಿ ವ್ಯಂಜನಕ್ಕೂ ಒತ್ತು ಬೇಕು, ಕೊಂಬು ಬೇಕು, ದೀರ್ಘ ಬೇಕು. ಮನೆಗಳು ನೂರಾರು, ಮೊಳೆಯ ಖರ್ಚು ಹೆಚ್ಚು, ಜೋಡಿಸುವ ಹೊತ್ತು ಹೆಚ್ಚು, ತಪ್ಪು ಹೆಚ್ಚು. ಒಂದು ಪುಟ ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಬಿಚ್ಚಿ ಮತ್ತೆ ಅದರದರ ಮನೆಗೆ ಹಾಕಿದರೇ ಮುಂದಿನ ಪುಟಕ್ಕೆ ಸಾಮಗ್ರಿ. ವಾರಕ್ಕೆ ಎರಡು ಸಲ ಈ ಚಕ್ರ ತಿರುಗಬೇಕು. ಗ್ಯಾಲಿ ಕರಡು ಒದ್ದೆಯಾಗಿಯೇ ಸಂಪಾದಕನ ಮೇಜಿಗೆ ಬರುತ್ತಿತ್ತು. ಒಂದು ಪದ ಬದಲಾಯಿಸಿದರೆ ಇಡೀ ಪ್ಯಾರಾದ ಸಾಲುಗಳನ್ನು ಮತ್ತೆ ಕಟ್ಟಬೇಕಾದ ಕಾಲವಾದ್ದರಿಂದ, ಬರೆಯುವ ಮುಂಚೆಯೇ ವಾಕ್ಯವನ್ನು ಅಳೆದು ತೂಗುವುದು ಸಂಪಾದಕನಿಗೆ ಕೆಲಸದ ಭಾಗವೇ ಆಗಿಬಿಡುತ್ತಿತ್ತು. ಡಿವಿಜಿ ಗದ್ಯದಲ್ಲಿ ಕಡೆಯತನಕ ಉಳಿದ ಆ ಅಚ್ಚುಕಟ್ಟಿಗೆ ಅಚ್ಚುಕೂಟದ ಋಣವೂ ಇದೆ ಎಂದು ನನ್ನ ಎಣಿಕೆ.

ದಿವಾನರ ಸ್ನೇಹ, ದಿವಾನರ ದುಡ್ಡು

ವಿಶ್ವೇಶ್ವರಯ್ಯನವರಿಗೂ ಡಿವಿಜಿಗೂ ಸ್ನೇಹ ಬೆಳೆಯಿತು. ವಯಸ್ಸಿನಲ್ಲಿ ಕಾಲು ಶತಮಾನಕ್ಕೂ ಹೆಚ್ಚಿನ ಅಂತರ. ಒಬ್ಬರು ಸಂಸ್ಥಾನದ ಅಧಿಕಾರ ಸೂತ್ರ ಹಿಡಿದವರು, ಇನ್ನೊಬ್ಬರು ಆ ಅಧಿಕಾರದ ಅಪ್ಪಣೆಯ ಮೇಲೆ ಪತ್ರಿಕೆ ನಡೆಸುವವರು. ಈ ಜೋಡಿಯಲ್ಲಿ ಅಪಾಯವಿತ್ತು. ಕಾಯಿದೆಯ ಹೆದರಿಕೆ ಪತ್ರಿಕೆಯನ್ನು ಹೊರಗಿನಿಂದ ಕೊಲ್ಲುತ್ತದೆ. ಅಧಿಕಾರದ ಸ್ನೇಹ ಒಳಗಿನಿಂದ ತಿನ್ನುತ್ತದೆ. ದಿವಾನರು ಒಳ್ಳೆಯವರಾಗಿದ್ದಷ್ಟೂ ಎರಡನೆಯದರ ಅಪಾಯ ಹೆಚ್ಚು.

ಡಿವಿಜಿ ಇದಕ್ಕೆ ಹಾಕಿಕೊಂಡ ಬೇಲಿ ಒಂದೇ: ಸ್ನೇಹ ಸರಿ, ದುಡ್ಡು ಬೇಡ. ಸರ್ಕಾರಕ್ಕಾಗಿ ಮಾಡಿಕೊಟ್ಟ ಬರವಣಿಗೆಯ ಕೆಲಸಕ್ಕೆ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸಿಕೊಳ್ಳಲೇ ಇಲ್ಲ, ಅವರು ತೀರಿಕೊಂಡ ಮೇಲೆ ಅವು ಪೆಟ್ಟಿಗೆಯಲ್ಲಿ ಸಿಕ್ಕವು ಎಂಬ ಮಾತು ಬೆಂಗಳೂರಿನಲ್ಲಿ ತಲೆಮಾರುಗಳಿಂದ ಕೇಳಿಬರುತ್ತದೆ. ಆ ಕಥೆಗೆ ಎಷ್ಟು ಬಣ್ಣ ಹತ್ತಿದೆಯೋ, ಅದರ ಹಿಂದಿನ ನಡತೆಗೆ ಮಾತ್ರ ಬೇರೆ ಸಾಕ್ಷಿ ಇದೆ. 1970ರಲ್ಲಿ ಬೆಂಗಳೂರಿನ ಜನ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರು. ಡಿವಿಜಿ ಆ ದುಡ್ಡನ್ನು ತಾವು ಕಟ್ಟಿದ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಅದೇನೂ ಮನೆ ತುಂಬಿದವರ ದಾನವಾಗಿರಲಿಲ್ಲ.

ಗೋಖಲೆಯವರ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. ಸಾರ್ವಜನಿಕ ಜೀವನಕ್ಕೆ ಧರ್ಮದ ಶುಚಿ ಬೇಕು ಎಂದು ನಂಬಿದ ಗೋಪಾಲಕೃಷ್ಣ ಗೋಖಲೆಯವರೇ ಡಿವಿಜಿಯವರ ಆದರ್ಶ. ಗೋಖಲೆ 1915ರ ಫೆಬ್ರವರಿ 19ರಂದು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಭಾವಚಿತ್ರ ಅನಾವರಣಕ್ಕೆ ಡಿವಿಜಿ ಮತ್ತು ಗೆಳೆಯರು ಕರೆದದ್ದು ದಕ್ಷಿಣ ಆಫ್ರಿಕದಿಂದ ಆಗಷ್ಟೇ ಮರಳಿದ್ದ ಗಾಂಧಿಯವರನ್ನು. 1915ರ ಮೇ 8ರಂದು ಗಾಂಧಿ ಬಂದರು. ಉತ್ಸಾಹಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆಯಲು ಮುಂದಾದರು. ಗಾಂಧಿ ಒಪ್ಪಲಿಲ್ಲ. ಸಾರ್ವಜನಿಕ ಕೆಲಸ ಮಾಡುವವರನ್ನು ಹೀಗೆ ಎಳೆದಾಡಿ ಕೆಡಿಸಬೇಡಿ, ಅವರು ಸದ್ದಿಲ್ಲದೆ ದುಡಿಯಲಿ ಎಂಬ ಅರ್ಥದ ಮಾತನ್ನು ಆ ದಿನದ ಭಾಷಣದಲ್ಲಿ ಹೇಳಿದರು. ಇಪ್ಪತ್ತೆಂಟರ ಸಂಪಾದಕನಿಗೆ ಆ ಮಾತು ನಾಟಿರಬೇಕು. ಮುಂದಿನ ಅರವತ್ತು ವರ್ಷ ಅವರು ಮೆರವಣಿಗೆಯ ಗಾಡಿ ಹತ್ತಿದವರಲ್ಲ.

ಅರಸರ ಪ್ರಜೆಗಳ ಪ್ರಶ್ನೆ

'ಕರ್ನಾಟಕ' ಮತ್ತೆ ಮತ್ತೆ ಎತ್ತಿದ ಪ್ರಶ್ನೆ ಒಂದಿತ್ತು. ಬ್ರಿಟಿಷ್ ಇಂಡಿಯಾದ ಪ್ರಜೆಗೆ ಸ್ವರಾಜ್ಯ ಬೇಕು ಎಂದು ಕಾಂಗ್ರೆಸ್ ಕೇಳುತ್ತಿದೆ, ಸರಿ. ಮೈಸೂರು, ಹೈದರಾಬಾದು, ಬರೋಡಗಳ ಪ್ರಜೆಯ ಗತಿ ಏನು? ಅವನ ಮೇಲೆ ಅರಸ, ಅರಸನ ಮೇಲೆ ರೆಸಿಡೆಂಟ್, ರೆಸಿಡೆಂಟನ ಮೇಲೆ ವೈಸರಾಯ್. ದೂರು ಹೇಳಿಕೊಳ್ಳಲು ಒಂದೇ ಒಂದು ಕಟ್ಟೆ ಇಲ್ಲ. 1917ರಲ್ಲಿ ಭಾರತ ಸಚಿವ ಮಾಂಟೆಗು ಸುಧಾರಣೆಗಳ ವಿಚಾರಕ್ಕೆ ಭಾರತಕ್ಕೆ ಬಂದಾಗ ದೇಶವೆಲ್ಲ ಮನವಿಗಳ ಮಳೆ ಸುರಿಸಿತು. ಸಂಸ್ಥಾನಗಳ ಪ್ರಜೆಗಳ ಪರವಾಗಿ ಮನವಿ ಬರೆದವರಲ್ಲಿ ಡಿವಿಜಿ ಒಬ್ಬರು. ಅರಸರು ಮತ್ತು ಬ್ರಿಟಿಷರ ನಡುವಣ ಕರಾರುಗಳಲ್ಲಿ ಮೂರನೆಯ ಪಕ್ಷವಾಗಿ ಪ್ರಜೆ ಇದ್ದಾನೆ, ಅವನನ್ನು ಬಿಟ್ಟು ಮಾಡುವ ಸಂವಿಧಾನ ನಿಲ್ಲದು ಎಂಬುದು ಅವರ ನಿಲುವು. ಇದೇ ವಿಚಾರದ ಮೇಲೆ 1931ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. 1947ರಲ್ಲಿ ಐನೂರಕ್ಕೂ ಮಿಕ್ಕಿದ ಸಂಸ್ಥಾನಗಳ ಪ್ರಶ್ನೆ ವಲ್ಲಭಭಾಯಿ ಪಟೇಲರ ಮೇಜಿಗೆ ಬಂದಾಗ ದೇಶ ಗಾಬರಿಗೊಂಡಿತಲ್ಲ, ಆ ಪ್ರಶ್ನೆಯನ್ನು ಬೆಂಗಳೂರಿನ ಒಂದು ಸಣ್ಣ ಪತ್ರಿಕೆ ಮೂವತ್ತು ವರ್ಷ ಮುಂಚೆಯೇ ಕೇಳಿತ್ತು.

ಸರ್ಕಾರ ಈ ಪ್ರಶ್ನೆಗೆ ಕೊಟ್ಟ ಉತ್ತರವೂ ಇತಿಹಾಸದಲ್ಲಿದೆ. 1922ರಲ್ಲಿ ಅರಸರನ್ನು ಪತ್ರಿಕೆಗಳ ಟೀಕೆಯಿಂದ ಕಾಪಾಡುವ ಮಸೂದೆಯೊಂದನ್ನು ಕೇಂದ್ರ ಶಾಸನ ಸಭೆಗೆ ತಂದರು. ಸಭೆ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ವೈಸರಾಯ್ ರೀಡಿಂಗ್ ತಮ್ಮ ವಿಶೇಷಾಧಿಕಾರದಿಂದ ಅದನ್ನು ಕಾನೂನು ಮಾಡಿದರು. ಗಡಿಯಾಚೆ ಅಚ್ಚು ಹಾಕಿಸುವ ಹಳೆಯ ದಾರಿಗೂ ಹೀಗೆ ಮುಳ್ಳು ಬಿತ್ತು.

ಅಷ್ಟು ಹೊತ್ತಿಗೆ 'ಕರ್ನಾಟಕ' ನಿಂತಿತ್ತು. ಮೊದಲ ಮಹಾಯುದ್ಧದಲ್ಲಿ ಕಾಗದದ ಬೆಲೆ ಏರಿತು, ಇಳಿದು ಮೊದಲಿನ ಜಾಗಕ್ಕೆ ಬರಲಿಲ್ಲ. ಚಂದಾದಾರರು ಓದುವುದರಲ್ಲಿ ಚುರುಕು, ಚಂದಾ ಕಳಿಸುವುದರಲ್ಲಿ ನಿಧಾನ. ಕನ್ನಡದ ಪತ್ರಿಕೆ ನಡೆಸಿದ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಕಾಯಿದೆಯ ಕಣ್ಗಾವಲಲ್ಲಿ ಎಂಟು ವರ್ಷ ಬಾಳಿದ ಪತ್ರಿಕೆ 1921ರಲ್ಲಿ ಸಾಲದ ಕೈಯಲ್ಲಿ ಸೋತಿತು. ಅದರ ಬೆನ್ನಿಗೇ ಬಂದ 'ಇಂಡಿಯನ್ ರಿವ್ಯೂ ಆಫ್ ರಿವ್ಯೂಸ್' ಎಂಬ ಮಾಸಪತ್ರಿಕೆಯೂ ಹೆಚ್ಚು ಕಾಲ ನಿಲ್ಲಲಿಲ್ಲ.

ಬಾಗಲಕೋಟೆಯ ಸಭೆ

1928ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಿಕಾಕರ್ತರ ಸಮ್ಮೇಳನ ಸೇರಿತು. ಅಧ್ಯಕ್ಷರು ಡಿವಿಜಿ. ಬಾಗಲಕೋಟೆ ಆಗ ಬೊಂಬಾಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಯ ಊರು. ಅಧ್ಯಕ್ಷರು ಮೈಸೂರು ಸಂಸ್ಥಾನದವರು. ಕನ್ನಡ ನಾಡು ಇನ್ನೂ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಹೊತ್ತಿನಲ್ಲಿ ಪತ್ರಿಕೆಯವರು ಮಾತ್ರ ಒಂದೇ ಚಾವಣಿಯ ಕೆಳಗೆ ಕೂತರು. ಕರ್ನಾಟಕ ಒಂದಾದದ್ದು 1956ರಲ್ಲಿ. ಪತ್ರಿಕೆಗಳ ಮಟ್ಟಿಗೆ ಆ ಕೆಲಸ ಇಪ್ಪತ್ತೆಂಟು ವರ್ಷ ಮೊದಲೇ ಶುರುವಾಗಿತ್ತು.

ತಮ್ಮ ವೃತ್ತಿಯ ಬಗ್ಗೆ ಡಿವಿಜಿ ಯೋಚಿಸಿದ್ದೆಲ್ಲ 'ವೃತ್ತಪತ್ರಿಕೆ' ಎಂಬ ಪುಸ್ತಕದಲ್ಲಿ ಇದೆ. ಪತ್ರಿಕೋದ್ಯಮ ಎಂಬ ಶಾಸ್ತ್ರವನ್ನು ಕನ್ನಡದಲ್ಲಿ ಕ್ರಮವಾಗಿ ಬರೆಯಲು ಹೊರಟ ಮೊದಮೊದಲ ಪ್ರಯತ್ನಗಳಲ್ಲಿ ಅದು ಮುಖ್ಯವಾದದ್ದು. ಪತ್ರಿಕೆ ಅವರ ಲೆಕ್ಕದಲ್ಲಿ ವ್ಯಾಪಾರದ ಸರಕಲ್ಲ, ಪಕ್ಷದ ತುತ್ತೂರಿಯೂ ಅಲ್ಲ; ಪ್ರಜೆ ತನ್ನ ರಾಜ್ಯದ ಬಗ್ಗೆ ನಡೆಸುವ ನಿತ್ಯದ ಯೋಚನೆ. ಪ್ರಜೆಗೆ ವೋಟು ಬಂದ ಮಾತ್ರಕ್ಕೆ ಪ್ರಜಾಪ್ರಭುತ್ವ ಬಂದಂತಲ್ಲ, ವೋಟಿಗೆ ಮುಂಚೆ ತಿಳಿವಳಿಕೆ ಬರಬೇಕು, ಅದನ್ನು ಒದಗಿಸುವವನು ಪತ್ರಿಕಾಕರ್ತ ಎಂಬುದು ಅವರ ಜೀವಮಾನದ ನಂಬಿಕೆ.

ಈ ನಂಬಿಕೆಗೆ ಒಂದು ಮಿತಿಯೂ ಇತ್ತು. ಅದನ್ನು ಮುಚ್ಚಿಟ್ಟು ಹೊಗಳುವುದು ಡಿವಿಜಿಗೇ ಒಪ್ಪಿಗೆಯಾಗದು. 1926ರ ಸುಮಾರಿನಿಂದ 1940ರವರೆಗೆ ಅವರು ಮೈಸೂರು ಶಾಸನ ಸಭೆಯ ಸದಸ್ಯರಾಗಿದ್ದರು. ಒಳಗೆ ಕೂತು, ಅಂಕಿ ಇಟ್ಟು, ತರ್ಕ ಕಟ್ಟಿ ಸರ್ಕಾರವನ್ನು ಒಪ್ಪಿಸುವ ದಾರಿ ಅವರದು. ಅದೇ ಹೊತ್ತಿನಲ್ಲಿ ಹೊರಗೆ ನಾಡಿನ ಹವೆ ಬೇರೆಯಾಗುತ್ತಿತ್ತು. ತಿರುಮಲೆ ತಾತಾಚಾರ್ಯ ಶರ್ಮರ 'ವಿಶ್ವಕರ್ನಾಟಕ', ಪಿ. ಆರ್. ರಾಮಯ್ಯನವರ 'ತಾಯಿನಾಡು' ಕನ್ನಡದಲ್ಲಿ, ಚಳವಳಿಯ ಜತೆ ಹೆಜ್ಜೆ ಹಾಕುತ್ತ ಬಂದವು. 1928ರ ಬೆಂಗಳೂರಿನ ಗಣಪತಿ ಗಲಭೆ, 1938ರ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದ ಗೋಲೀಬಾರು, ಹೀಗೆ ಒಂದೊಂದು ಏಟಿಗೂ ಮೈಸೂರಿನ ಓದುಗ ಹೊಸಬನಾಗುತ್ತ ಹೋದ. ಆ ಓದುಗನಿಗೆ ಇಂಗ್ಲಿಷಿನ ವಾರಕ್ಕೆರಡು ಬಾರಿಯ ತರ್ಕ ಸಾಲದು. ಕಾಯಿದೆಯನ್ನು ಮುರಿದು ಜೈಲಿಗೆ ಹೋಗುವ ಸಂಪಾದಕ ಅವನಿಗೆ ಬೇಕಾಗಿದ್ದ. ಡಿವಿಜಿ ಆ ಸಂಪಾದಕರಲ್ಲ.

ಹಾಗೆಂದು ಅವರ ಪತ್ರಿಕೆಯ ಬಾಳು ವ್ಯರ್ಥವಾಯಿತು ಎನ್ನುವಂತಿಲ್ಲ. ಚಳವಳಿ ಗೆದ್ದ ಮರುದಿನವೇ ಬೇಕಾಗುವುದು ಸಂವಿಧಾನ, ಬಜೆಟ್ಟು, ಚುನಾವಣೆ, ಪುರಸಭೆ. ಇವುಗಳ ಬಗ್ಗೆ ತಾಳ್ಮೆಯಿಂದ ವಿವರಿಸಬಲ್ಲವರೂ ಬೇಕು. ಆ ಕೆಲಸಕ್ಕೆಂದೇ ಡಿವಿಜಿ 1945ರ ಫೆಬ್ರವರಿ 18ರಂದು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಶುರುಮಾಡಿದರು. ಉದ್ಘಾಟನೆಗೆ ಬಂದವರು ಗೋಖಲೆಯವರ ಉತ್ತರಾಧಿಕಾರಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿ. ಬಸವನಗುಡಿಯ ಆ ಸಂಸ್ಥೆಯಿಂದ 'ಪಬ್ಲಿಕ್ ಅಫೇರ್ಸ್' ಎಂಬ ಮಾಸಪತ್ರಿಕೆ ಹೊರಟಿತು; ಸಂಪಾದಕರು ಮತ್ತೆ ಡಿವಿಜಿಯೇ. ಅರವತ್ತು ದಾಟಿದ ಮೇಲೂ ಅವರು ಕರಡು ತಿದ್ದುತ್ತ ಕೂತರು.

ಆ ಹೊತ್ತಿಗೆ ಕಾಯಿದೆಯ ಕಾಲದ ಒಡನಾಡಿಗಳಲ್ಲಿ ಬಹುಮಂದಿ ಇರಲಿಲ್ಲ. ತಾತಯ್ಯನವರು ಮತ್ತೆ ಪತ್ರಿಕೆಗಳನ್ನು ನಡೆಸಿ, 1922ರಲ್ಲಿ ದಾವಣಗೆರೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, 1933ರಲ್ಲಿ ತೀರಿಕೊಂಡಿದ್ದರು. ಅವರಂಥ ಹಿರಿಯರ, ದಿವಾನರ, ವಿದ್ವಾಂಸರ, ಹೆಸರು ಮರೆತುಹೋಗಬಹುದಾಗಿದ್ದ ಎಷ್ಟೋ ಸಜ್ಜನರ ಚಿತ್ರಗಳನ್ನು ಡಿವಿಜಿ 'ಜ್ಞಾಪಕ ಚಿತ್ರಶಾಲೆ'ಯ ಸಂಪುಟಗಳಲ್ಲಿ ಬರೆದಿಟ್ಟರು. ಓದಿದರೆ ತಿಳಿಯುತ್ತದೆ: ಅದು ಕವಿಯ ಕಣ್ಣಿಗಿಂತ 'ಸೂರ್ಯೋದಯ ಪ್ರಕಾಶಿಕಾ'ದ ಮೇಜಿನಲ್ಲಿ ಪಳಗಿದ ವರದಿಗಾರನ ಕಣ್ಣು. ಯಾರು ಯಾವ ರುಮಾಲು ಸುತ್ತಿದ್ದರು, ಯಾವ ಮಾತಿಗೆ ನಕ್ಕರು, ಯಾವ ಪ್ರಶ್ನೆಗೆ ಬಾಯಿ ಬಿಗಿಹಿಡಿದರು ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ಹಳೆಯ ಮೈಸೂರಿನ ಸಾರ್ವಜನಿಕ ಜೀವನದ ಚರಿತ್ರೆ ಬರೆಯುವವರು ಸರ್ಕಾರಿ ಕಡತಗಳ ಜತೆಗೆ ಈ ಸಂಪುಟಗಳನ್ನೂ ಬಿಡಿಸದೆ ಮುಂದೆ ಹೋಗುವಂತಿಲ್ಲ.

1974ರಲ್ಲಿ ಡಿವಿಜಿಗೆ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ದೇಶದಲ್ಲಿ ಆಗ ತುರ್ತುಪರಿಸ್ಥಿತಿ. ಅದಕ್ಕೆ ಮೂರು ತಿಂಗಳ ಹಿಂದಿನಿಂದ ಪತ್ರಿಕೆಗಳು ಅಚ್ಚಿಗೆ ಮುಂಚೆ ಸರ್ಕಾರದ ಅಧಿಕಾರಿಯ ಕಣ್ಣಿಗೆ ಬೀಳಬೇಕಾಗಿತ್ತು.

ಡಿವಿಜಿಯವರ ವೃತ್ತಿ ಜೀವನದಿಂದ ಇವತ್ತಿನ ಪತ್ರಿಕೆಯವರು ತೆಗೆದುಕೊಳ್ಳಬೇಕಾದ್ದು ಏನು ಎಂದರೆ, ಅವರ ಇಂಗ್ಲಿಷನ್ನಲ್ಲ, ಅವರ ಮಂದಗಾಮಿ ರಾಜಕೀಯವನ್ನೂ ಅಲ್ಲ. ಪತ್ರಿಕೆಗೆ ಎರಡು ಬಗೆಯ ಅಪ್ಪಣೆ ಚೀಟಿಗಳಿವೆ: ಒಂದನ್ನು ಕಾನೂನು ಕೊಡುತ್ತದೆ, ಇನ್ನೊಂದನ್ನು ಉಪಕಾರ ಕೊಡುತ್ತದೆ. ಮೊದಲನೆಯದನ್ನು ಎದುರಿಸಲು ಚಳವಳಿ ಇದೆ, ಕೋರ್ಟು ಇದೆ, ಚುನಾವಣೆ ಇದೆ. ಎರಡನೆಯದನ್ನು ಎದುರಿಸಲು ಸಂಪಾದಕನ ಸ್ವಂತ ಬಡತನದ ಹೊರತು ಬೇರೆ ಆಯುಧ ಅವರ ಕಾಲದಲ್ಲಿರಲಿಲ್ಲ. ಈಗ ಜಾಹೀರಾತು, ನಿವೇಶನ, ಪ್ರಶಸ್ತಿ, ಸಮಿತಿಗಳ ಸದಸ್ಯತ್ವ ಎಂಬ ರೂಪಗಳಲ್ಲಿ ಆ ಎರಡನೆಯ ಚೀಟಿ ಮೊದಲಿಗಿಂತ ಧಾರಾಳವಾಗಿ ಸಿಗುತ್ತಿದೆ. ಪತ್ರಿಕೋದ್ಯಮ ಕಲಿಸುವ ನಮ್ಮ ಕಾಲೇಜುಗಳು 'ಕಗ್ಗ'ದ ನಾಲ್ಕು ಪದ್ಯಗಳ ಜತೆಗೆ 'ವೃತ್ತಪತ್ರಿಕೆ'ಯನ್ನೂ ವಿದ್ಯಾರ್ಥಿಗಳ ಕೈಗಿಡಲಿ. ಡಿವಿಜಿ ಬದುಕಿದ್ದಷ್ಟು ಕಾಲ ತಮ್ಮ ವೃತ್ತಿ ಪತ್ರಿಕೋದ್ಯಮವೆಂದೇ ಹೇಳಿಕೊಂಡಿದ್ದರು.